ಹೋಗಿ ಬರ್ತೀನಿ ಎಂದ ಅಯ್ಯನವರು

ಮೊನ್ನೆ ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ಭುಟ್ಟಾದವನು ಇದ್ದಿಲ ಮೇಲೆ ಜೋಳದ ತೆನೆ ತಿರುವುತ್ತಿದ್ದ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನಡುದಾರಿಯಲ್ಲೇ ನಿಂತುಬಿಟ್ಟೆ. ಹಿಂದಿದ್ದವನೊಬ್ಬ "ಚಲೋ ಆಂಟಿ, ಚಲೋ" ಎಂದು ಗದರಿದ. ನನಗೆ ನಮ್ಮ ಅಯ್ಯನವರು ನೆನಪಾಗಿದ್ದರು. ಅವರ ಜೊತೆಗೆ ಆ ಹಳೆಯ ಸಿಟ್ಟೂ...

ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಪಾಸ್ಟರನ್ನು ಅಯ್ಯನವರು ಎಂದೇ ಕರೆಯುವುದು. ಇವರು ಧಾರವಾಡದ ಕಡೆಯವರು. ದಾದರಿನಲ್ಲಿ ಬೇರೆ ಸಭೆಯವರ ಕಟ್ಟಡ, ಭಾನುವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ನಮ್ಮದು. ಅಲ್ಲಿ ಸೇರುವ ನಲವತ್ತೈವತ್ತು ಜನರಿಗೆ ಅವರು ಪ್ರಸಂಗ ಮಾಡುತ್ತಿದ್ದರು. ನಾನು ಮಂಗಳೂರಿನವಳು, ಕನ್ನಡ ಶಾಲೆಯ ಟೀಚರ್. ಅವರ ವ್ಯಾಕರಣ ನನಗೆ ಹಿಡಿಸುತ್ತಿರಲಿಲ್ಲ, ಮನಸ್ಸು ಹಿಡಿಸುತ್ತಿತ್ತು.

ಕಾಂದಿವಲಿಯ ಒಬ್ಬ ಮಹಾಶಯ ವರ್ಷಕ್ಕೊಮ್ಮೆ ವಿದೇಶಕ್ಕೆ ಮಿಷನ್ ತಂಡ ಕಟ್ಟಿಕೊಂಡು ಹೋಗುತ್ತಿದ್ದ. ತನ್ನನ್ನು ಲೀಡರ್ ಎಂದು ತಾನೇ ಕರೆದುಕೊಳ್ಳುತ್ತಿದ್ದ. ಆ ವರ್ಷ ಪೂರ್ವ ಆಫ್ರಿಕಾದ ಒಂದು ಹಳ್ಳಿಗೆ ಹೊರಟಾಗ ಅಯ್ಯನವರನ್ನೂ ಸೇರಿಸಿಕೊಂಡ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಆಡಲು ನಾಲಿಗೆ ತೊಡರುತ್ತಿತ್ತು. ಹಾಗಾಗಿ ದುಭಾಷಿಯಾಗಿ ನಾನೂ ಹೋದೆ. ಅವರ ಕನ್ನಡವನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕು, ಅದನ್ನು ಅಲ್ಲಿಯ ಸಭೆಯ ಹಿರಿಯರೊಬ್ಬರು ಊರ ಭಾಷೆಯಲ್ಲಿ ಹೇಳಬೇಕು. ಒಂದು ಶಬ್ದ ಹೆಚ್ಚಿಲ್ಲ, ಒಂದು ಶಬ್ದ ಕಡಿಮೆ ಇಲ್ಲ ಎಂಬುದು ನನ್ನ ಜಂಬ.

ತಂಡದವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು, ಗೋಡೆಗೆ ಬಣ್ಣ ಬಳಿದರು, ಬಳಿಯುವುದರ ಫೋಟೋ ತೆಗೆದರು. ಅಯ್ಯನವರು ಮಾತ್ರ ಒಬ್ಬ ಮುದುಕಿಯ ಜಗುಲಿಯಲ್ಲಿ ಕೂತು ಜೋಳ ಬಿಡಿಸುತ್ತಿದ್ದರು. ಆಕೆ ಸುಟ್ಟ ತೆನೆ ಕೊಟ್ಟರೆ, "ಥೇಟ್ ನಮ್ಮೂರ ರುಚಿ ನೋಡ್ರಿ" ಎನ್ನುತ್ತಿದ್ದರು. ಮುದುಕಿಯ ಮಗಳಿಗೆ ದಿನ ತುಂಬಿತ್ತು, ಮೈಯಲ್ಲಿ ಹುಷಾರಿರಲಿಲ್ಲ. ಅಯ್ಯನವರು ದಿನವೂ ಬಾಗಿಲಾಚೆ ಕೂತು ಪ್ರಾರ್ಥನೆ ಮಾಡಿದರು. ನಾವು ಹೊರಡುವ ಹಿಂದಿನ ದಿನ ಸುಖವಾಗಿ ಹೆರಿಗೆಯಾಯಿತು, ಹೆಣ್ಣುಮಗು.

ಮರುದಿನ ಬೆಳಿಗ್ಗೆ ಮುದುಕಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ದೀಕ್ಷಾಸ್ನಾನ ಕೊಟ್ಟು ಹೆಸರಿಡಬೇಕು, ಅದೂ ಇವರೇ ಇಡಬೇಕು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಲೀಡರ್ ಗಡಿಯಾರ ತೋರಿಸಿ, "ಟೈಮ್ ನಹೀ ಹೈ, ಬನ್ನಿ ಬನ್ನಿ" ಎಂದು ಇವರ ತೋಳನ್ನೇ ಹಿಡಿದೆಳೆದ. ಒಂದು ಲೋಟ ನೀರು, ಐದು ನಿಮಿಷ. ಅಷ್ಟೂ ಕೊಡಲಿಲ್ಲ ಪುಣ್ಯಾತ್ಮ. ಅಯ್ಯನವರು ಮಗುವಿನ ತಲೆ ಮುಟ್ಟಿ ಮುದುಕಿಗೆ, "ಹೋಗಿ ಬರ್ತೀನವ್ವಾ" ಎಂದರು.

ನಾನು ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಹೋಗುತ್ತಾರೆ, ತಿರುಗಿ ಬರುತ್ತಾರೆ. ಹಿರಿಯರು ಅದನ್ನು ಆಕೆಗೆ ಹೇಳಿದರು. ಮುದುಕಿಯ ಮುಖ ಅರಳಿತು. ಯಾಕೆ ಅರಳಿತು ಎಂದು ನನಗಾಗ ಹೊಳೆಯಲಿಲ್ಲ.

ಒಂದು ವರ್ಷದ ಮೇಲೆ ದಾದರಿನ ಒಂದು ಮೀಟಿಂಗಿನಲ್ಲಿ ಲೀಡರ್ ಚಹಾ ಕುಡಿಯುತ್ತಾ ಫೋನ್ ತೋರಿಸಿ ನಕ್ಕ. ಆ ಹಳ್ಳಿಯ ಹಿರಿಯರು ಐದು ತಿಂಗಳ ಹಿಂದೆಯೇ ಕೇಳಿದ್ದರು: ಪಾಸ್ಟರ್ ಯಾವಾಗ ಬರುತ್ತಾರೆ? ಅಜ್ಜಿ ಬೇರೆ ಯಾರಿಗೂ ಹೆಸರಿಡಲು ಬಿಡುತ್ತಿಲ್ಲ. ಇವನು ಅದಕ್ಕೆ ಹೆಬ್ಬೆರಳ ಚಿತ್ರ ಒತ್ತಿ ಕಳಿಸಿದ್ದ. ಅವರು ಅದನ್ನು ಒಪ್ಪಿಗೆ ಎಂದು ತಿಳಿದಿದ್ದರು.

ಅಯ್ಯನವರು ಚಹಾದ ಗ್ಲಾಸು ಕೆಳಗಿಟ್ಟರು. "ಟೀಚರ್, ಅವತ್ತ ನೀವು ಏನಂತ ಹೇಳಿದ್ರಿ?"

"ನೀವು ಹೇಳಿದ್ದನ್ನೇ ಅಯ್ಯನವರೇ. ಹೋಗಿ ಬರ್ತಾರೆ ಅಂತ."

"ಹಂಗಾರ ನಾ ಮಾತು ಕೊಟ್ಟಂಗ ಆತಲ್ರಿ."

"ಅದು ಮಾತು ಕೊಟ್ಟದ್ದು ಹೇಗಾಗ್ತದೆ ಮಾರಾಯ್ರೆ? ದಿನಾ ಎಲ್ಲರ ಮನೆಯಿಂದ ಹಾಗೆ ಹೇಳಿಯೇ ಅಲ್ವಾ ಹೊರಡುವುದು?"

"ನಮಗ ಗೊತ್ತೈತಿ. ಆ ಮುದುಕಿಗೆ ಗೊತ್ತೈತೇನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು."

ಅಂದಿನಿಂದ ಅವರಿಗೆ ಅದೇ ಧ್ಯಾನ. ಆ ದೇಶದ ವೀಸಾಕ್ಕೆ ತಂಡದ ಮೂಲಕವೇ ಆಮಂತ್ರಣ ಪತ್ರ ಬರಬೇಕಿತ್ತು. ಲೀಡರನ ಮನೆಗೆ ಎಷ್ಟು ಸಲ ಅಲೆದರೋ... ಒಂದು ಸಲ ನಾನೂ ಜೊತೆಗಿದ್ದೆ. ಅವನು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಅರೇ ಅಯ್ಯನೋರೇ, ಟೆನ್ಶನ್ ಮತ್ ಲೋ. ಒಂದೇ ಗಾಂವ್‌ಗೆ ಎರಡು ಸಲ ಹೋದ್ರೆ ರಿಪೋರ್ಟಲ್ಲಿ ಹೊಸದು ಏನು ಬರೀಲಿ? ವಿಡಿಯೋ ಕಾಲ್ ಮಾಡಿ ಹೆಸರು ಹೇಳಿಬಿಡಿ, ಖತಮ್."

ಖತಮ್ ಅಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಜನರ ಸೇವೆ ಎಂದು ಸಮುದ್ರ ದಾಟಿ ಹೋದವನಿಗೆ ಆ ಜನ ಇನ್ನೂ ಅಲ್ಲೇ ಇದ್ದಾರೆ ಎಂಬುದೇ ತಲೆನೋವು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಮ್ಮ ಸಭೆಯ ಕಮಿಟಿಯವರಾದರೂ ಬೆನ್ನಿಗೆ ನಿಂತರೇ? ಅವರು "ಏನ್ರಿ, ಹೋಗಿ ಬರೋ ಅಯ್ಯನೋರೇ, ಯಾವಾಗ ಹೊರಟ್ರಿ?" ಎಂದು ಗೇಲಿ ಮಾಡಿದರು. ಅಯ್ಯನವರು ನಕ್ಕುಬಿಡುತ್ತಿದ್ದರು. ನನಗೆ ಆ ನಗುವಿನ ಮೇಲೂ ಸಿಟ್ಟಿತ್ತು. ಮೇಜು ಗುದ್ದಿ ಎರಡು ಮಾತು ಕೇಳಬಾರದಿತ್ತೇ?

ಕೊನೆಗೆ ನಾನೇ, "ಹೆಸರನ್ನಾದರೂ ಬರೆದು ಕಳಿಸಿ ಅಯ್ಯನವರೇ, ಮಗು ಎಷ್ಟು ಸಮಯ ಹಾಗೇ ಇರುವುದು?" ಎಂದೆ. "ನೀರು ಮುಟ್ಟಿಸಿ ಇಡೋ ಹೆಸರ್ರಿ ಅದು. ಮನಸ್ಸಿನ್ಯಾಗ ಇಟಕೊಂಡೀನಿ. ಹೋದಾಗ ಹೇಳ್ತೀನಿ" ಎಂದರು. ಹಟಮಾರಿ ಮನುಷ್ಯ.

ಕಳೆದ ಮಳೆಗಾಲದಲ್ಲಿ ಅವರಿಗೆ ಡೆಂಗ್ಯೂ ಬಂತು. ಎಂಟು ದಿನ ಆಸ್ಪತ್ರೆಯಲ್ಲಿದ್ದರು, ಒಂಬತ್ತನೆಯ ದಿನ ಇಲ್ಲ. ಮಣ್ಣು ಕೊಡುವಾಗ ಲೀಡರ್ ಎಲ್ಲರಿಗಿಂತ ಮುಂದೆ ನಿಂತು ಅವರ ವಿದೇಶ ಸೇವೆಯನ್ನು ಹೊಗಳಿದ. ಅವನ ಕಾಲರು ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ, ಅದಕ್ಕೆ ಇವತ್ತಿಗೂ ನಾಚಿಕೆ.

ಆ ಹಳ್ಳಿಯ ಹಿರಿಯರ ನಂಬರು ಹುಡುಕಿ ಸುದ್ದಿ ತಿಳಿಸಿದ್ದು ನಾನೇ. ಎರಡು ದಿನ ಬಿಟ್ಟು ಉತ್ತರ ಬಂತು. ಮುದುಕಿ ತುಂಬಾ ಅತ್ತಳಂತೆ. ಆಮೇಲೆ ಒಂದೇ ಪ್ರಶ್ನೆ ಕೇಳಿದಳಂತೆ: ಪಾಸ್ಟರ್ ಮಗುವಿಗೆ ಯಾವ ಹೆಸರು ಇಟ್ಟುಕೊಂಡಿದ್ದರು?

ಅಯ್ಯನವರ ಹೆಂಡತಿಯನ್ನು ಕೇಳಿದೆ. ಅವರಿಗೂ ಹೇಳಿರಲಿಲ್ಲ. ಅವರ ಬೈಬಲಿನ ಹಾಳೆಗಳನ್ನೆಲ್ಲ ಇಬ್ಬರೂ ಕೂತು ತಿರುವಿದೆವು, ಎಲ್ಲೂ ಬರೆದಿರಲಿಲ್ಲ. ಆ ಹೆಸರು ಅವರ ಜೊತೆಗೇ ಹೋಗಿತ್ತು.

ಜೀವಮಾನವೆಲ್ಲ ಒಂದು ಶಬ್ದ ಅತ್ತಿತ್ತ ಮಾಡದ ನಾನು ಆ ದಿನ ಸುಳ್ಳು ಬರೆದೆ. ಅಯ್ಯನವರ ತಾಯಿಯ ಹೆಸರನ್ನು ಬರೆದು, ಇದೇ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರು, ನನಗೆ ಹೇಳಿದ್ದರು ಎಂದು ಕಳಿಸಿದೆ. ಮುಂದಿನ ಭಾನುವಾರವೇ ಅಲ್ಲಿಯ ಹಿರಿಯರು ದೀಕ್ಷಾಸ್ನಾನ ಕೊಟ್ಟರು. ಈಗ ಆ ಹುಡುಗಿಗೆ ನಾಲ್ಕು ವರ್ಷ. ಧಾರವಾಡದ ಒಬ್ಬ ಮುದುಕಿಯ ಹೆಸರು ಕರೆದರೆ ಆಫ್ರಿಕಾದ ಅಂಗಳದಲ್ಲಿ ಒಂದು ಮಗು ಓಡಿ ಬರುತ್ತದೆ.

ಅಯ್ಯನವರು ಇದ್ದಿದ್ದರೆ, "ಸುಳ್ಳು ಯಾಕ ಹೇಳಿದ್ರಿ ಟೀಚರ್?" ಎಂದು ನನ್ನನ್ನು ಬೈಯುತ್ತಿದ್ದರು. ಅವರಿಂದ ಒಮ್ಮೆ ಚೆನ್ನಾಗಿ ಬೈಸಿಕೊಳ್ಳಬೇಕು ಅನ್ನಿಸುತ್ತದೆ. ಬೈಯುವವರು ಇಲ್ಲ.