ಮೇಷ್ಟ್ರ ತಾಮ್ರದ ಬಿಲ್ಲೆ

ಹೊಳೆನರಸೀಪುರದ ಅಕ್ಕಸಾಲಿ ಆಚಾರ್ರ ಅಂಗಡಿಗೆ ನಾನು ಏದುಸಿರು ಬಿಡುತ್ತಾ ಓಡಿಬಂದಾಗ ಚಿನ್ನ ಕರಗಿಸುವ ಮೂಸೆ ಆಗಲೇ ಬೆಂಕಿಯ ಮೇಲಿತ್ತು. ತಂಗಿಯ ಓಲೆಯ ಚಿನ್ನಕ್ಕೆ ಬೆರೆಸಲೆಂದು ಅಮ್ಮ ಬೆಳಿಗ್ಗೆ ಹಳೆಯ ತಾಮ್ರದ ಕಾಸುಗಳನ್ನು ಕೊಟ್ಟು ಬಂದಿದ್ದರು. ಅವುಗಳ ಜೊತೆ, ನನಗೆ ಚರಿತ್ರೆ ಕಲಿಸಿದ್ದ ಮೇಷ್ಟ್ರು ನೋಡಿ ವಾಪಸ್ಸು ಕೊಡೆಂದು ನಂಬಿ ಕೊಟ್ಟಿದ್ದ ಬಿಲ್ಲೆಯೂ ಸೇರಿಹೋಗಿತ್ತು. ಇನ್ನೂರು ವರ್ಷದ ಹಿಂದೆ ಅಮೆರಿಕದ ಟಂಕಸಾಲೆಯವರು ಬೆಳ್ಳಿ ನಾಣ್ಯ ಮಾಡುವ ಮೊದಲು ಪರೀಕ್ಷೆಗೆಂದು ತಾಮ್ರದಲ್ಲಿ ಒತ್ತಿದ್ದ ಬಿಲ್ಲೆ ಅದು. ಅಂಥವು ಲೋಕದಲ್ಲೇ ಬೆರಳೆಣಿಕೆಯಷ್ಟು.

"ಆಚಾರ್ರೇ, ಕಾಸೆಲ್ಲ ಹಾಕಿಬಿಟ್ರಾ?" ಎಂದೆ.

ಅವರು ಇಕ್ಕಳ ಕೆಳಗಿಟ್ಟು, ಗಲ್ಲಾಪೆಟ್ಟಿಗೆಯಿಂದ ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಇದುನ್ನ ಕರಗ್ಸಕ್ಕೆ ಮನಸ್ಸು ಬರ್ನಿಲ್ಲ ಸಾ. ಒಂದೇ ಮಗ್ಗುಲಿಗೆ ಒತ್ತವ್ರೆ. ಯಾರೋ ಅಚ್ಚು ಕೆತ್ತಿದೋನು ಸರಿಯಾಗಿ ಬಂದೈತಾ ಅಂತ ನೋಡ್ಕಂಡಿರೋದು ಕಣ್ ಸಾ. ನಾನೂ ಒಸಾ ಅಚ್ಚು ಮಾಡ್ದಾಗ ಅಂಗೇ, ಮೊದ್ಲು ತಾಮ್ರದ ಮೇಲೇ ಒತ್ತಿ ನೋಡ್ಕಳದು."

ಅಂದೇ ಬಸ್ಸು ಹತ್ತಿ ಮೇಷ್ಟ್ರ ಊರಾದ ಅರಕಲಗೂಡಿಗೆ ಹೋಗಿ ಅವರಿಗೆ ಬಿಲ್ಲೆ ಒಪ್ಪಿಸಿ, ನಡೆದದ್ದನ್ನೆಲ್ಲ, ಆಚಾರ್ರು ಆಡಿದ ಮಾತನ್ನೂ ಸೇರಿಸಿ, ಹೆದರುತ್ತಲೇ ಹೇಳಿದೆ. ಅವರು ಬೈಯಲಿಲ್ಲ. ಅದು ಪರೀಕ್ಷೆಯ ನಾಣ್ಯವೆಂದು ತಿಳಿಯಲು ತಮಗೆ ಎರಡು ವರ್ಷ ಪುಸ್ತಕ ಹುಡುಕಬೇಕಾಯಿತು ಎಂದು ಹೇಳಿ, ಆಚಾರ್ರ ಅಂಗಡಿಗೆ ದಾರಿ ಯಾವುದೆಂದು ಕೇಳಿದರು.