ಗೌರಿ ದಿನಾ ದೀಪ ಹಚ್ಚಿದ ಬೇಸಿಗೆ

ನನಗೆ ಗೊತ್ತಿತ್ತು.

ಗೊತ್ತಿರಲಿಲ್ಲ ಎಂದು ನನ್ನ ಮಗಳು ನಂಬಿದ್ದಾಳೆ. ನಂಬಿದ್ದು ಸಾಲದೆಂದು ಹೋದಲ್ಲೆಲ್ಲ ಹೇಳುತ್ತಾಳೆ — ನಮ್ಮಮ್ಮನಿಗೆ ಏನೂ ಗೊತ್ತಿರಲಿಲ್ಲ, ಅವರಿಗೂ ನಾನು ಸುಳ್ಳು ಹೇಳಿದ್ದೆ, ಎಂದು. ಕೇಳಿದವರು ನನ್ನ ಕಡೆ ತಿರುಗಿ ಅಯ್ಯೋ ಪಾಪ ಎನ್ನುವಂತೆ ನೋಡುತ್ತಾರೆ. ಆ ಮರುಕವನ್ನು ನಾನು ಸುಮ್ಮನೆ ತೆಗೆದುಕೊಂಡು ಮನೆಗೆ ಬಂದಿದ್ದೇನೆ. ಒಂದು ಸಲವಲ್ಲ.

ಸನ್ನಿವೇಲ್, ಫ್ರೀಮಾಂಟ್ ಕಡೆಯ ಕನ್ನಡದವರಲ್ಲಿ ಹಲವರಿಗೆ ಗೌರಿ ಗೊತ್ತು. ಸ್ಕೀ ಜಂಪಿಂಗಿನಲ್ಲಿ ದೇಶದ ಜೂನಿಯರ್ ಚಾಂಪಿಯನ್ ಆದ ಹುಡುಗಿ. ಗುಡ್ಡದ ನೆತ್ತಿಯಿಂದ ಮಂಜಿನ ಜಾರುಹಾದಿಯಲ್ಲಿ ಬಂದು, ಅದರ ತುದಿಯಲ್ಲಿ ಚಿಮ್ಮಿ, ಕಾಲಿಗೆ ಕಟ್ಟಿದ ಉದ್ದನೆಯ ಎರಡು ಸ್ಕೀ ಹಲಗೆಗಳ ಮೇಲೆ ಗಾಳಿಯಲ್ಲಿ ಮಲಗಿದಂತೆ ಹಾರಿ, ಕೆಳಗಿನ ಇಳಿಜಾರಿಗೆ ಬಂದು ನಿಲ್ಲುವ ಆಟ ಅದು. ಎಷ್ಟು ದೂರ ಹಾರಿದರು ಎನ್ನುವುದಕ್ಕೂ ಅಂಕ, ಎಷ್ಟು ಚೆಂದ ಇಳಿದರು ಎನ್ನುವುದಕ್ಕೂ ಅಂಕ. ಅವಳು ಗೆದ್ದ ವರ್ಷ ನಮ್ಮ ಕನ್ನಡ ಕೂಟದ ಸಂಕ್ರಾಂತಿ ಕಾರ್ಯಕ್ರಮದಲ್ಲಿ ನೀವೆಲ್ಲ ಅವಳ ಜೊತೆಗೆ ನನಗೂ ಶಾಲು ಹೊದಿಸಿದಿರಿ. ಹಣ್ಣಿನ ಬುಟ್ಟಿ ಕೊಟ್ಟಿರಿ. ಎರಡು ಮಾತು ಆಡಿ ಎಂದಿರಿ, ನಾನು ಹತ್ತು ಮಾತು ಆಡಿದೆ. ಆವತ್ತು ಆಡದೆ ಉಳಿಸಿಕೊಂಡದ್ದು ಒಂದಿತ್ತು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನೆಪಕ್ಕಲ್ಲ — ನೆಪ ಎಂದು ಯಾರೂ ತಿಳಿಯಬೇಡಿ.

ನಾನು ಬೆಟಗೇರಿಯ ಮಗ್ಗದ ಮನೆಯವಳು. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಕೈಯಲ್ಲಿ ಹಿಡಿದವಳು ನಾನೇ ಮೊದಲು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಎಂಜಿನಿಯರಿಂಗ್ ಓದುವಾಗ ತಿಂಗಳ ಕೊನೆಗೆ ಚುರುಮರಿ, ಚಹಾದ ಮೇಲೆ ದಿನ ತಳ್ಳಿದ್ದೇನೆ. ಅದನ್ನು ನಾನೆಂದೂ ಮುಚ್ಚಿಟ್ಟವಳಲ್ಲ. ಮುಚ್ಚಿಡುವುದಿರಲಿ, ನನ್ನ ಹಸಿವನ್ನು ಪದಕದ ಹಾಗೆ ಎದೆ ಮೇಲೆ ಹಾಕಿಕೊಂಡೇ ತಿರುಗಿದ್ದೇನೆ. ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಹೇಳಿದ್ದೇನೆ, ನಂಟರ ಮಕ್ಕಳಿಗೆ ಹೇಳಿದ್ದೇನೆ. ಗೌರಿಗಂತೂ ಅವಳಿಗೆ ಬುದ್ಧಿ ಬಂದಾಗಿನಿಂದ...

ತಾಹೋ ಸರೋವರದ ಕಡೆ ರಜೆಗೆ ಹೋದಾಗ ಅವಳು ಮೊದಲ ಸಲ ಸ್ಕೀ ಕಟ್ಟಿದ್ದು. ಬೇರೆ ಮಕ್ಕಳು ಬೀಳದಿರಲು ಒದ್ದಾಡುತ್ತಿದ್ದರೆ ಇವಳು ದಿಬ್ಬ ಹುಡುಕಿಕೊಂಡು ಹೋಗಿ ಹಾರುತ್ತಿದ್ದಳು. ನನ್ನ ಗಂಡ ಪ್ರಕಾಶ ಹೆದರಿದರು. “ಟೆನಿಸ್ ಆಡ್ಲಿ, ಬ್ಯಾಡ್ಮಿಂಟನ್ ಆಡ್ಲಿ, ನೆಲದ ಮ್ಯಾಲಿನ ಆಟ ಯಾವುದೂ ಉಳದಿಲ್ಲೇನು?” ಎಂದರು. ನಾನೇ ಹಟ ಹಿಡಿದೆ. ಶುಕ್ರವಾರ ಆಫೀಸು ಮುಗಿಯುತ್ತಲೇ ಅವಳನ್ನು ಕಾರಿಗೆ ಹಾಕಿಕೊಂಡು ಫ್ರೀವೇ ಹಿಡಿದು ಬೆಟ್ಟ ಹತ್ತಿಸಿದವಳು ನಾನು. ಹೈಸ್ಕೂಲಿಗೆ ಬಂದ ಮೇಲೆ ಚಳಿಗಾಲವೆಲ್ಲ ಯೂಟಾದ ಬೆಟ್ಟದ ಊರೊಂದರಲ್ಲಿ, ತಂಡದ ಇನ್ನೊಬ್ಬ ಹುಡುಗಿಯ ಮನೆಯಲ್ಲಿ ಇರುತ್ತಿದ್ದಳು. ಮಂಜು ಕರಗಿದ ಮೇಲೆ ನಮ್ಮ ಬಳಿಗೆ ಬರುತ್ತಿದ್ದಳು.

ಆ ಆಟದಲ್ಲಿ ಮೈ ಹಗುರಾದಷ್ಟೂ ಗಾಳಿ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ. ಅದು ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಮಾತು. ತಿನ್ನಬೇಡ ಎಂದು ಯಾವ ಕೋಚೂ ಅವಳಿಗೆ ಹೇಳಲಿಲ್ಲ. ಹೇಳಿದವಳು ನಾನು. ಹದಿನಾರು ತುಂಬಿದ್ದ ಹುಡುಗಿ, ಒಂದು ಮಧ್ಯಾಹ್ನ ಫ್ರಿಜ್ಜಿನ ಬಾಗಿಲು ತೆರೆದು ಹಾಗೇ ನಿಂತುಬಿಟ್ಟಿದ್ದಳು. ತುಂಬಾ ಹಸಿವು ಅಮ್ಮಾ, ಎಂದಳು ಇಂಗ್ಲಿಷಿನಲ್ಲಿ. ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೇಳಿದೆ — “ಹಸಿವಿ ಅಂದ್ರ ಏನೂ ಅಲ್ಲವ್ವಾ. ಒಂದು ತಾಸು ತಡಕೊ, ತಾನ ಹೋಗ್ತದ. ನಾ ಹಂಗ ಎಂಜಿನಿಯರ್ ಆದಾಕಿ.”

ಅವಳು ಫ್ರಿಜ್ಜಿನ ಬಾಗಿಲು ಹಾಕಿದಳು. ಆ ಸದ್ದು — ರಬ್ಬರಿನ ಬಾಗಿಲು ಮೆತ್ತಗೆ ಅಂಟಿಕೊಳ್ಳುವ ಸದ್ದು — ಈಗಲೂ ನಮ್ಮ ಮನೆಯಲ್ಲಿ ದಿನಾ ಕೇಳುತ್ತದೆ.

ಮರುವರ್ಷದ ಬೇಸಿಗೆಗೆ ಬರುತ್ತೇನೆ.

ಆಗ ನಮ್ಮ ಅತ್ತೆ ನಮ್ಮ ಜೊತೆಗೇ ಇದ್ದರು. ಹಾಲ್‌ನ ಪಕ್ಕದ ಸಣ್ಣ ಕ್ಲಾಸೆಟ್ಟಿನ ಬಟ್ಟೆಬರೆ ತೆಗೆಸಿ ಅದನ್ನು ದೇವರ ಮನೆ ಮಾಡಿದ್ದರು. ಸಂಜೆ ದೀಪ ಹಚ್ಚುವುದು ಮೊಮ್ಮಗಳ ಕೆಲಸ. ಮುಟ್ಟಾದಾಗ ಮಾತ್ರ ಅವಳು ಆ ಕಡೆ ಹಾಯುವಂತಿಲ್ಲ, ದೀಪ ನನ್ನ ಪಾಲಿಗೆ. ಗೌರಿ ಮೊದಮೊದಲು ಜಗಳ ತೆಗೆದಳು. ಇದೆಲ್ಲ ಅನ್ಯಾಯ, ಸ್ಕೂಲಲ್ಲಿ ಹೇಳಿದರೆ ನಗುತ್ತಾರೆ, ಎಂದಳು. ಆಮೇಲೆ ಅಜ್ಜಿಯ ಸಮಾಧಾನಕ್ಕೆ ಒಪ್ಪಿಕೊಂಡಳು. ನನಗೂ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಹಾಗೊಂದು ಪದ್ಧತಿ ಇದ್ದದ್ದರಿಂದ ಮನೆಯಲ್ಲಿ ಯಾರಿಗೂ ಏನೂ ಕೇಳುವ ಅಗತ್ಯ ಇರುತ್ತಿರಲಿಲ್ಲ. ದೀಪ ಯಾರು ಹಚ್ಚಿದರು ಎಂದು ನೋಡಿದರೆ ಸಾಕು.

ಆ ಬೇಸಿಗೆ ದೀಪ ಗೌರಿಯೇ ಹಚ್ಚಿದಳು. ದಿನಾ. ಏಪ್ರಿಲ್‌ನಲ್ಲಿ ಬಂದಳು, ಮೇ, ಜೂನ್ ಕಳೆಯಿತು, ಜುಲೈ ಕಳೆಯಿತು — ಒಂದು ಸಂಜೆಯೂ ತಪ್ಪಲಿಲ್ಲ. ಅವಳ ಬಾತ್‌ರೂಮಿನ ಸಿಂಕಿನ ಕೆಳಗೆ ನಾನು ತಂದಿಟ್ಟ ಪ್ಯಾಡಿನ ದೊಡ್ಡ ಪೊಟ್ಟಣ ಒಡೆಯದೆ ಹಾಗೇ ಇತ್ತು. ಕೈ ಎತ್ತಿ ದೀಪದ ಬತ್ತಿ ಸರಿಮಾಡುವಾಗ ಮೊಣಕೈ ಎಲುಬು ಎದ್ದು ಕಾಣುತ್ತಿತ್ತು. ನಾನು ಹಿಂದೆ ಸೋಫಾದಲ್ಲಿ ಕೂತು ನೋಡುತ್ತಿದ್ದೆ.

ಅತ್ತೆಗೆ ಅನುಮಾನ ಬಂತು. ಒಂದು ದಿನ ಅಡಿಗೆಮನೆಗೆ ಬಂದು ದನಿ ತಗ್ಗಿಸಿ, “ಏನವಾ, ಹುಡುಗಿ ಒಮ್ಮೆರ ದೂರ ಕೂಡಲಿಲ್ಲಲ್ಲ? ಎಲ್ಲೆರ ಕಾಲ ಜಾರ್ಯಾಳೇನು?” ಎಂದರು.

ನಾನು ನಕ್ಕುಬಿಟ್ಟೆ. “ನಿಮ್ಮ ಮೊಮ್ಮಗಳು ಜಾರೂದೇನಿದ್ರೂ ಮಂಜಿನ ಮ್ಯಾಲ್ರೀ ಅತ್ತಿ. ಆಟ ಆಡೋ ಹುಡುಗ್ಯಾರಿಗೆ ಹಂಗ ನಿಂತಿರ್ತದ. ಅದಕ್ಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ?”

ಅವರೂ ನಕ್ಕರು. ಪಾಪ, ಅವರ ಹೆದರಿಕೆ ಬೇರೆಯದೇ ಇತ್ತು, ಅದು ಇಳಿದು ಹೋಯಿತು. ನನಗೆ ಮಾತ್ರ — ಇಲ್ಲಿ ನಿಜ ಹೇಳಬೇಕು, ಇಲ್ಲದಿದ್ದರೆ ಇದನ್ನು ಬರೆದೂ ಉಪಯೋಗವಿಲ್ಲ. ಹಾಗೆ ನಿಲ್ಲುವುದು ಒಳ್ಳೆಯದಲ್ಲ ಎಂದು ನನಗೆ ಗೊತ್ತಿತ್ತು. ಗೂಗಲ್ ಮಾಡಿ ಓದಿದ್ದೆ. ಎಲುಬು ಸವೆಯುತ್ತದೆ ಎನ್ನುವ ಸಾಲನ್ನೂ ಓದಿದ್ದೆ. ಓದಿ ಆ ಪುಟ ಮುಚ್ಚಿದೆ. ಭಯಕ್ಕಿಂತ ಹೆಚ್ಚಾಗಿ ಒಳಗೆ ಏನೋ ಹೆಮ್ಮೆ. ನನ್ನ ಮಗಳು ಹಸಿವನ್ನು ನನಗಿಂತ ಚೆನ್ನಾಗಿ ಗೆದ್ದಿದ್ದಾಳೆ, ಎಂದು.

ಅಕ್ಟೋಬರಿನಲ್ಲಿ ಅವಳು ಹೊರಡುವ ಮುಂಚೆ ಡಾಕ್ಟರ ಒಪ್ಪಿಗೆ ಬೇಕಿತ್ತು. ಆ ಚಳಿಗಾಲ ಅವಳನ್ನು ದೊಡ್ಡವರ ತಂಡಕ್ಕೆ ತೆಗೆದುಕೊಳ್ಳುವ ಮಾತಿತ್ತು. ಡಾಕ್ಟರು ಎಳೆವಯಸ್ಸಿನ ಹೆಂಗಸು, ಮೆತ್ತಗಿನ ಮಾತು. ಗೌರಿಯನ್ನು ರಕ್ತ ಕೊಡಲು ಪಕ್ಕದ ಕೋಣೆಗೆ ಕಳಿಸಿ, ನನ್ನನ್ನು ಕೂರಿಸಿಕೊಂಡು ಕೇಳಿದರು. ಮುಟ್ಟು ಸರಿಯಾಗಿ ಆಗುತ್ತಿದೆ ಎಂದು ನಿಮ್ಮ ಮಗಳು ಹೇಳುತ್ತಾಳೆ. ಆದರೆ ತೂಕ ತೀರಾ ಕಡಿಮೆ ಇದೆ. ನನಗೆ ಸಮಾಧಾನವಿಲ್ಲ. ತಾಯಿಯಾಗಿ ನೀವು ಏನು ಹೇಳುತ್ತೀರಿ?

ಆಗ ನನಗೆ ತಿಳಿಯಿತು, ಗೌರಿ ಸುಳ್ಳು ಹೇಳಿದ್ದಾಳೆ. ಆ ಹುಡುಗಿಯ ಸುಳ್ಳನ್ನು ಒಂದು ಮಾತಿನಲ್ಲಿ ಒಡೆಯಬಹುದಿತ್ತು. ಒಡೆದಿದ್ದರೆ ಒಂದು ಚಳಿಗಾಲದ ಆಟ ಹೋಗುತ್ತಿತ್ತು, ಅಷ್ಟೇ.

ನಾನು ಹೇಳಿದೆ — ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ ಡಾಕ್ಟರ್, ಆ ದಿನಗಳಲ್ಲಿ ಹೆಣ್ಣುಮಕ್ಕಳು ದೇವರ ದೀಪ ಮುಟ್ಟುವುದಿಲ್ಲ. ಒಂದು ತಿಂಗಳು ತಪ್ಪಿದರೂ ಮೊದಲು ಗೊತ್ತಾಗುವುದು ನನಗೇ. ಎಲ್ಲ ಸರಿಯಾಗಿದೆ.

ನಂಬಿಕೆಯಿಲ್ಲದ ಪದ್ಧತಿಯನ್ನು ಸಾಕ್ಷಿಗೆ ನಿಲ್ಲಿಸಿದೆ. ಡಾಕ್ಟರು ಗೌರವದಿಂದ ತಲೆಯಾಡಿಸಿದರು. ಬೇರೆಯವರ ಆಚಾರದ ವಿಷಯ, ಹೆಚ್ಚು ಕೆದಕಬಾರದು ಎನಿಸಿರಬೇಕು. ಗೌರಿ ತೋಳಿಗೆ ಬ್ಯಾಂಡೇಜು ಹಚ್ಚಿಕೊಂಡು ಹೊರಗೆ ಬಂದಳು. ನನ್ನ ಮುಖ ನೋಡಿದಳು. “ಎಲ್ಲಾ ಓಕೆ ಅಂತ ನೋಡವಾ,” ಎಂದೆ. ಅವಳು ಬಿಟ್ಟ ಉಸಿರು ನನಗೆ ಕೇಳಿಸಿತು. ನಾವಿಬ್ಬರೂ ಒಂದೇ ಗುಟ್ಟು ಇಟ್ಟುಕೊಂಡು ಒಂದೇ ಕಾರಿನಲ್ಲಿ ಮನೆಗೆ ಬಂದೆವು. ಇನ್ನೊಬ್ಬರಿಗೂ ಅದು ಗೊತ್ತು ಎಂದು ಗೊತ್ತಿದ್ದವಳು ನಾನೊಬ್ಬಳೇ.

ಅವಳು ಗೆದ್ದಳು. ಸಂಕ್ರಾಂತಿಗೆಂದು ಎರಡು ದಿನದ ಮಟ್ಟಿಗೆ ಬಂದಳು, ನೀವು ಶಾಲು ಹೊದಿಸಿದಿರಿ. “ಎಷ್ಟ ಸೊರಗ್ಯಾಳ್ರೀ ಹುಡುಗಿ” ಎಂದು ಒಬ್ಬ ಹಿರಿಯರು ಅವಳ ಕೈಗೆ ಸಕ್ಕರೆಯ ಕುಸುರೆಳ್ಳು ಹಾಕಿದರು. ಅವಳು ನಕ್ಕು, ಅದನ್ನು ಟಿಶ್ಯೂ ಕಾಗದದಲ್ಲಿ ಮಡಿಚಿ ಕುರ್ಚಿಯ ಕೆಳಗೆ ಇಟ್ಟದ್ದನ್ನು ನೋಡಿದೆ. ನೋಡಿ, ಮೈಕ್ ಹಿಡಿದು ನನ್ನ ಹಾಸ್ಟೆಲಿನ ಹಸಿವಿನ ಕಥೆ ಹೇಳಿದೆ. ನೀವು ಚಪ್ಪಾಳೆ ತಟ್ಟಿದಿರಿ.

ಫೆಬ್ರವರಿಯ ಸ್ಪರ್ಧೆಯಲ್ಲಿ ಆದದ್ದನ್ನು ನಾನು ಮೆನ್ಲೋ ಪಾರ್ಕಿನ ಆಫೀಸಿನಲ್ಲಿ, ಫೋನಿನ ಪರದೆಯ ಮೇಲೆ ಕಂಡೆ. ಒಳ್ಳೆಯ ಹಾರುವಿಕೆ. ಬೀಳಲಿಲ್ಲ ಅವಳು — ಜನ ಬಿದ್ದಳು ಎಂದು ಹೇಳುತ್ತಾರೆ, ಇಲ್ಲ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಕೈಗಳು ಅಗಲಕ್ಕೆ, ನೇರವಾಗಿ ಇಳಿದಳು. ಇಳಿಜಾರು ಮುಗಿಯುವಲ್ಲಿ, ಶೂ ಲೇಸು ಕಟ್ಟಿಕೊಳ್ಳಲು ಕೂರುವವರಂತೆ ಮೆಲ್ಲಗೆ ಮಂಜಿನ ಮೇಲೆ ಕೂತಳು. ಮತ್ತೆ ಏಳಲಿಲ್ಲ. ಸೊಂಟದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿದಿತ್ತು. ಚೆಂದದ ಇಳಿತದ ಭಾರವನ್ನೇ ಅದು ತಡೆಯಲಿಲ್ಲ.

ಯೂಟಾದ ಆಸ್ಪತ್ರೆಯಲ್ಲಿ ಸ್ಕ್ಯಾನು ನೋಡಿದ ಡಾಕ್ಟರು, ಇದು ಮುದುಕಿಯ ಎಲುಬು ಎಂದರು. ಮತ್ತೆ ಅದೇ ಪ್ರಶ್ನೆ ಬಂತು. ಗೌರಿ ಅಳಲು ಶುರುಮಾಡಿದಳು. ನಿಂತು ವರ್ಷದ ಮೇಲಾಯಿತು, ನಾನು ಎಲ್ಲರಿಗೂ ಸುಳ್ಳು ಹೇಳಿದೆ, ಎಂದಳು. ನನ್ನ ಕಡೆ ತಿರುಗಿ, “ಸಾರಿ ಅಮ್ಮಾ” ಎಂದಳು.

ಆಗಲಾದರೂ ಹೇಳಬಹುದಿತ್ತು. ಡಾಕ್ಟರು ಇದ್ದರು, ಪ್ರಕಾಶ ಇದ್ದರು. ನಾನು ಅವಳ ಹಾಸಿಗೆಯ ಪಕ್ಕದಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದು ಇದು:

“ಯಾಕ ಮುಚ್ಚಿಟ್ಟಿ ಗೌರಿ? ನನಗರ ಒಂದು ಮಾತು ಹೇಳಬಾರದಾಗಿತ್ತೇನು?”

ಆ ಮಾತಿಗಿಂತ ಕೆಟ್ಟದ್ದನ್ನು ನಾನು ನನ್ನ ಬದುಕಿನಲ್ಲಿ ಆಡಿಲ್ಲ. ಮೊದಲಿನ ಸುಳ್ಳಿಗೆ ಆಸೆ ಎಂದಾದರೂ ಹೆಸರಿಡಬಹುದು. ಇದಕ್ಕೆ...

ಎರಡು ಆಪರೇಷನ್ ಆದವು. ಹದಿನೆಂಟಕ್ಕೆ ಅವಳ ಆಟ ಮುಗಿಯಿತು. ಅತ್ತೆ ತೀರಿಹೋದರು, ದೇವರ ಮನೆಯ ಕಟ್ಟಳೆಗಳೂ ಅವರ ಜೊತೆ ಹೋದವು. ಈಗ ಗೌರಿ ಪ್ಲೆಸೆಂಟನ್‌ನಲ್ಲಿ ಒಬ್ಬಳೇ ಇದ್ದಾಳೆ, ಕೆಲಸ ಮಾಡುತ್ತಾಳೆ. ಬಿಡುವಿನಲ್ಲಿ ಆಟಗಾರ್ತಿಯರಾದ ಎಳೆಯ ಹುಡುಗಿಯರನ್ನೂ ಅವರ ತಂದೆತಾಯಿಗಳನ್ನೂ ಕೂರಿಸಿಕೊಂಡು ಮಾತಾಡುತ್ತಾಳೆ — ತಿನ್ನಿ, ಮುಚ್ಚಿಡಬೇಡಿ, ಎಂದು. ಮೊನ್ನೆ ವಸಂತದಲ್ಲಿ ಅಂಥದೊಂದು ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಳು. ಮುಂದಿನ ಸಾಲಿನಲ್ಲಿ ಕೂರಿಸಿದಳು. ಕೊನೆಗೆ ನನ್ನ ಕಡೆ ಕೈ ತೋರಿಸಿ ಆ ಮಾತು ಹೇಳಿದಳು. ಇವರಿಗೆ ಏನೂ ಗೊತ್ತಿರಲಿಲ್ಲ. ಇವರ ಮನಸ್ಸನ್ನು ನಾನು ಮುರಿದೆ. ನೀವು ನಿಮ್ಮ ಅಮ್ಮಂದಿರಿಗೆ ಹಾಗೆ ಮಾಡಬೇಡಿ. ಪಕ್ಕದಲ್ಲಿದ್ದ ಹೆಂಗಸು ನನ್ನ ಕೈ ಹಿಡಿದು ಒತ್ತಿದಳು. ನಾನೂ ಒತ್ತಿದೆ.

ಪಾರ್ಕಿಂಗಿಗೆ ನಡೆಯುವಾಗ ಅವಳು ಕೇಳಿದಳು, “ಅಮ್ಮಾ, ಇನ್ನೂ ನನ್ ಮೇಲೆ ಸಿಟ್ಟಿದೆಯಾ?” ಇಷ್ಟು ಕನ್ನಡವನ್ನು ಅವಳು ಮೊದಲೇ ಜೋಡಿಸಿಟ್ಟುಕೊಂಡಿರಬೇಕು. ಅಷ್ಟು ನಿಧಾನವಾಗಿ ಕೇಳಿದಳು.

“ಇಲ್ಲವ್ವಾ,” ಎಂದೆ. “ಅದೆಲ್ಲ ಆಗಿ ಹೋತು.”

ಹೌದು. ನಾನು ಅವಳನ್ನು ಕ್ಷಮಿಸಿದೆ. ಅವಳು ಕಾರಿನ ಬಾಗಿಲು ಹಿಡಿದು ನಿಂತು ಕಣ್ಣು ಒರೆಸಿಕೊಂಡಳು.

ಅಂದಿನಿಂದ ಅನ್ನ ಇಳಿಯುತ್ತಿಲ್ಲ ಎಂದು ಬರೆಯಲು ಹೊರಟಿದ್ದೆ. ಅದೂ ಸುಳ್ಳು. ನಾನು ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇನೆ.

ಇದನ್ನು ಕನ್ನಡದಲ್ಲಿ ಬರೆಯಲು ಕೂತದ್ದಕ್ಕೂ ಕಾರಣವಿದೆ. ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಕೂಟದ ಈ ಪತ್ರಿಕೆಗೆ ಬರೆದರೆ ನಿಮಗೆಲ್ಲ ತಿಳಿಯುತ್ತದೆ, ಅವಳಿಗೆ ತಿಳಿಯುವುದಿಲ್ಲ. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಅರ್ಧ ಬರೆದ ಮೇಲೆ ಅದು ನನಗೇ ಕಂಡಿತು. ಮುಚ್ಚಿಡುವುದನ್ನು ನಾನು ಇನ್ನೂ ಬಿಟ್ಟಿಲ್ಲ.

ಓದಲು ಬರದಿದ್ದರೂ ಓದಿ ಹೇಳಿದರೆ ಅವಳಿಗೆ ಪೂರ್ತಿ ತಿಳಿಯುತ್ತದೆ. ಶನಿವಾರ ಮಧ್ಯಾಹ್ನ ಊಟಕ್ಕೆ ಬರುತ್ತಾಳೆ. ನಿಮ್ಮ ಕೈಗೆ ಇದು ಬರುವ ಮುಂಚೆ ಅವಳ ಎದುರಿಗೆ ಕೂತು ಓದುತ್ತೇನೆ, ಒಂದು ಸಾಲನ್ನೂ ಬಿಡದೆ. ಊಟ ಆದ ಮೇಲೆ. ಮೊದಲೇ ಓದಿದರೆ ಉಣ್ಣದೆ ಎದ್ದು ಹೋದಾಳು.

ಎಲ್ಲ ಕೇಳಿ ಏಳುವಾಗ ಅವಳು ಮೇಜಿಗೆ ಕೈ ಊರಿಯೇ ಏಳಬೇಕು, ಆ ಸೊಂಟದಲ್ಲಿ ಹಾಗೇ ಏಳಲು ಆಗುವುದಿಲ್ಲ. ನಾನು ಹಿಡಿಯಲು ಹೋಗುವುದಿಲ್ಲ. ಕೂತಲ್ಲೇ ಕೂತಿರುತ್ತೇನೆ.