ಇನ್ನೊಂದು ಕಡೆಯವರು

ಮದರಾಸಿನ ಕೋಡಂಬಾಕ್ಕಂನ ಹಳೆಯ ಫೋಟೋ ಸ್ಟುಡಿಯೋಗಳ ಒಳಗೆ ಯಾವತ್ತಾದರೂ ಹೋಗಿದ್ದೀರಾ? ಕನ್ನಡಿಯ ಪಕ್ಕ ದಾರದಲ್ಲಿ ನೇತುಬಿಟ್ಟ ಬಾಚಣಿಗೆ, ಊರಿನ ಅರ್ಧ ಮುಖಗಳಿಗೆ ಬಳಿದು ಮಿಕ್ಕ ಪೌಡರ್ ಡಬ್ಬಿ, ಕಿಟಕಿಯೇ ಇಲ್ಲದ ಕೋಣೆಯ ಎಸಿ ಗಾಳಿ, ಎಲ್ಲ ಸೇರಿ ಒಂದು ವಾಸನೆ. ಮೊನ್ನೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹತ್ತು ಹನ್ನೆರಡು ವರ್ಷದ ಹಿಂದಿನದೆಲ್ಲ ಸಾಲಾಗಿ ಬಂದು ನಿಂತುಬಿಟ್ಟಿತು.

ಹೋಗಿದ್ದು ಅತ್ತೆಗೆ ವೀಸಾ ಫೋಟೋ ತೆಗೆಸೋದಕ್ಕೆ. ಕಿವಿ ಎರಡೂ ಕಾಣಬೇಕು, ನಗಕೂಡದು ಅಂತ ಫೋಟೋಗ್ರಾಫರ್ ತಮಿಳಿನಲ್ಲಿ ತಾಕೀತು ಮಾಡಿದ. ಅತ್ತೆ ನನ್ನ ಕಡೆ ತಿರುಗಿ, "ನಗದೇ ಇರೋ ಫೋಟೋ ಕಳಿಸಿದ್ರೆ ಯಾರೇ ಒಪ್ತಾರೆ?" ಅಂದಳು. ಅವಳ ಲೆಕ್ಕದಲ್ಲಿ ಫೋಟೋ ಅಂದರೆ ಗಂಡಿನ ಕಡೆಯವರಿಗೆ ಕಳಿಸುವ ಫೋಟೋ. ಬೇರೆ ಕಾರಣಕ್ಕೂ ಜನ ಫೋಟೋ ತೆಗೆಸುತ್ತಾರೆ ಅನ್ನೋದರಲ್ಲಿ ಅವಳಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ವಿಮಾ ಕಚೇರಿಯಲ್ಲಿ ಜೀವಮಾನವೆಲ್ಲ ದುಡಿದು ರಿಟೈರಾದವಳು. ಅದು ಸಂಬಳದ ಕೆಲಸ. ನಿಜವಾದ ಕಸುಬು ಮದುವೆ ಕುದುರಿಸೋದು. ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ನಮ್ಮಂಥ ಕನ್ನಡದ ಮನೆಗಳಲ್ಲಿ ಯಾರಿಗೆ ಹೆಣ್ಣು ಬೇಕು, ಯಾರಿಗೆ ಗಂಡು ಬೇಕು, ಯಾವ ಹುಡುಗ ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಎದುರುತ್ತರ ಕೊಡುತ್ತಾನೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ನೀನು ಯಾಕೆ ಮದುವೆ ಆಗಲಿಲ್ಲ ಅಂತ ಕೇಳಿದರೆ, "ಊರೋರದ್ದೆಲ್ಲ ಮಾಡೋಷ್ಟರಲ್ಲಿ ನನ್ನದು ಮರೆತೇಹೋಯ್ತು ಕಣೇ" ಅಂದು ನಕ್ಕುಬಿಡುತ್ತಿದ್ದಳು. ಅಮ್ಮನಿಗೆ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಪಾಳಿ ಕೆಲಸ. ಹಾಗಾಗಿ ನನ್ನ ತಲೆ ಬಾಚಿ ಸ್ಕೂಲಿಗೆ ಕಳಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿಸಿಕೊಂಡದ್ದು ಎಲ್ಲ ಅತ್ತೆಯೇ. ಅವಳನ್ನು ನಾನು ಏಕವಚನದಲ್ಲೇ ಕರೆಯೋದು. ಬಹುವಚನ ಹಚ್ಚಿದೆ ಅಂದರೆ ಮನೆಯಲ್ಲಿ ಜಗಳ ಆಗಿದೆ ಅಂತ ಅರ್ಥ.

ನಾನು ಆಗ ಪೆರುಂಗುಡಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರಿಗೆ ಕೈಪಿಡಿ ಬರೆಯುತ್ತಿದ್ದೆ. ಕೈಪಿಡಿ ಓದುವವರು ಯಾರಾದರೂ ನಿಮಗೆ ಗೊತ್ತಿದ್ದರೆ ಹೇಳಿ, ಅವರ ಕಾಲಿಗೆ ಬೀಳುತ್ತೇನೆ. ನನಗೆ ಬೇಕಾಗಿದ್ದದ್ದು ಬೇರೆ. ಕಾಸಿಮೇಡು ಬಂದರಿನ ಮೀನಿನ ಹರಾಜಿನ ಮೇಲೆ ಸಂಶೋಧನೆ ಮಾಡಬೇಕು. ನಗಬೇಡಿ. ಬೆಳಗಿನ ಜಾವದಲ್ಲಿ ಅಲ್ಲಿ ಅಂಜಲೈ ಅಕ್ಕ ಅಂತ ಒಬ್ಬಳು ಮೀನಿನ ರಾಶಿಯ ಪಕ್ಕ ನಿಂತು ಬೆಲೆ ಕೂಗುತ್ತಿದ್ದಳು. ಹರಾಜು ತಣ್ಣಗಾಯಿತು ಅನ್ನುವಾಗ ಗುಂಪಿನ ಹಿಂದಕ್ಕೆ ಕತ್ತು ಎತ್ತಿ, ಅಲ್ಲಿ ಒಬ್ಬರು ಇನ್ನೂ ಜಾಸ್ತಿ ಕೊಡ್ತಾರಂತೆ ಅನ್ನುವಳು. ನಾನು ತಿರುಗಿ ನೋಡಿದರೆ ಅಲ್ಲಿದ್ದದ್ದು ಒಂದು ಐಸ್ ಪೆಟ್ಟಿಗೆ! ಆದರೂ ಬೆಲೆ ಏರುತ್ತಿತ್ತು. ಇಲ್ಲದ ಗಿರಾಕಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಅನ್ನೋದೇ ನನ್ನ ಪ್ರಶ್ನೆ. ಬದನೆಕಾಯಿಯ ಹುಳವನ್ನೂ ನೋಡಿ ಹೌಹಾರುವ ಮನೆಯ ಹುಡುಗಿ ಮೀನಿನ ವಾಸನೆ ಹೊತ್ತು ಬಂದರೆ ಅತ್ತೆ ಬಾಗಿಲಲ್ಲೇ ತಡೆದು, "ಅಲ್ಲೇ ನಿಲ್ಲು, ಬಕೆಟ್ ತರ್ತೀನಿ" ಅನ್ನುತ್ತಿದ್ದಳು. ಆಮೇಲೆ ತಲೆ ಒರೆಸುತ್ತಾ, "ಹ್ಞೂ, ಇವತ್ತು ಅವಳು ಏನು ಸುಳ್ಳು ಹೇಳಿದ್ಳು?" ಅಂತ ಕೇಳುತ್ತಿದ್ದಳು.

ಹೊರದೇಶದ ನಾಲ್ಕಾರು ಕಡೆ ಫೆಲೋಶಿಪ್ಪಿಗೆ ಅರ್ಜಿ ಹಾಕಿದೆ. ಅತ್ತೆಗೆ ಅದರ ವಿವರ ಹೇಳುತ್ತಾ ಹೋದ ಹಾಗೆಲ್ಲ ಅವಳ ಕಣ್ಣು ಅರಳಿತು. ಫೋಟೋ ಬೇಕು. ನಿನ್ನ ಬಗ್ಗೆ ನೀನೇ ಒಂದು ಪುಟ ಬರೆಯಬೇಕು. ಮೂವರು ದೊಡ್ಡವರ ಹತ್ತಿರ ಅವರೇ ವಿಚಾರಿಸುತ್ತಾರೆ. ಹಿಡಿಸಿದರೆ ಕರೆದು ಮಾತಾಡಿಸುತ್ತಾರೆ. ತಿಳಿಸ್ತೀವಿ ಅಂತ ಹೇಳಿ ಹೋಗುತ್ತಾರೆ. "ಅಯ್ಯೋ ಮಂಕೇ, ಇದು ನನ್ನ ಇಲಾಖೆ!" ಅಂದಳು. ಅವತ್ತಿನಿಂದ ನನ್ನ ಅರ್ಜಿಯ ಉಸ್ತುವಾರಿ ಅವಳದಾಯಿತು. ನನ್ನನ್ನು ಸ್ಟುಡಿಯೋಗೆ ಎಳೆದುಕೊಂಡು ಹೋಗಿ ಪಾಸ್‌ಪೋರ್ಟ್ ಸೈಜಿನ ಜೊತೆಗೆ ಒಂದು ನಿಂತ ಭಂಗಿ, ಒಂದು ಪಕ್ಕದ ಭಂಗಿ ತೆಗೆಸಿದಳು. ಮೀನಿನ ಹರಾಜಿನ ಸಂಶೋಧಕಿ ಕಾಂಜೀವರಂ ಸೀರೆ ಉಟ್ಟು, ಕಾಗದದ ಗುಲಾಬಿ ಹಿಡಿದುಕೊಂಡು ನಿಂತ ಆ ಫೋಟೋ ಈಗಲೂ ಮನೆಯಲ್ಲಿದೆ. ನಿಮಗೆ ತೋರಿಸಲ್ಲ.

ಒಂದೊಂದಾಗಿ ಎಲ್ಲ ಕಡೆಯಿಂದಲೂ ವಿಷಾದದ ಉತ್ತರ ಬಂತು. ಉಳಿದದ್ದು ಒಂದೇ, ಇಂಗ್ಲೆಂಡಿನ ಉತ್ತರದ ಒಂದು ವಿಶ್ವವಿದ್ಯಾಲಯ. ಅವರು ಕಂಪ್ಯೂಟರ್ ಪರದೆಯ ಮೇಲೆ ಸಂದರ್ಶನ ಮಾಡಿದರು. ಸಮಿತಿಯ ಮುಖ್ಯಸ್ಥೆಯಾದ ಪ್ರೊಫೆಸರಮ್ಮ ಬಿಳಿ ಕೂದಲಿನ, ಕಮ್ಮಿ ಮಾತಿನ ಹೆಂಗಸು. ಕ್ಯಾಮೆರಾಕ್ಕೆ ಕಾಣದ ಹಾಗೆ ಮಂಚದ ಮೂಲೆಯಲ್ಲಿ ಕೂತ ಅತ್ತೆ ಎಲ್ಲ ಮುಗಿದ ಮೇಲೆ ತೀರ್ಪು ಕೊಟ್ಟಳು: "ಆ ದೊರೆಸಾನಿಗೆ ನೀನು ಹಿಡಿಸಿದೀಯ. ಮಧ್ಯದಲ್ಲಿ ಟೀ ಕುಡಿದ್ಳು ನೋಡು. ಬೇಡ ಅನ್ನೋರು ಲೋಟ ಮುಟ್ಟಲ್ಲ." ಅವಳ ಅನುಭವವೆಲ್ಲ ಕೇಸರಿಬಾತು, ಬಜ್ಜಿಯ ತಟ್ಟೆಗಳದ್ದು, ಆದರೂ ನಾನು ನಂಬಿದೆ. ಆ ಹೊತ್ತಿನಲ್ಲಿ ಗಿಳಿಶಾಸ್ತ್ರದವನು ಹೇಳಿದ್ದರೂ ನಂಬುತ್ತಿದ್ದೆ.

ಆಮೇಲೆ ಶುರುವಾಯಿತು ಕಾಯೋದು. ನೀವು ಯಾವುದಕ್ಕಾದರೂ ಕಾದಿದ್ದರೆ ಗೊತ್ತಿರುತ್ತೆ, ಮೊಬೈಲ್ ಸುಮ್ಮನಿದ್ದರೂ ಕುಣಿದ ಹಾಗೆ ಅನ್ನಿಸುತ್ತೆ. ಬ್ಯಾಂಕಿನವರು ಸಾಲ ಬೇಕಾ ಅಂತ ಕಳಿಸಿದ ಮೇಲ್ ತೆಗೆಯುವಾಗಲೂ ಎದೆ ಢವಢವ. ಊಟ ಸೇರುತ್ತಿರಲಿಲ್ಲ. ಆಫೀಸಿನಲ್ಲಿ 'ಸೇವ್ ಒತ್ತಿರಿ' ಅಂತ ಬರೆಯುವ ಕಡೆ 'ದಯವಿಟ್ಟು ಕಾಯಿರಿ' ಅಂತ ಬರೆದು ಬೈಸಿಕೊಂಡೆ. ಇದೂ ಕೈತಪ್ಪಿದರೆ ವಯಸ್ಸಿನ ಮಿತಿ ದಾಟಿ ಹೋಗುತ್ತಿತ್ತು, ಪೆರುಂಗುಡಿಯಲ್ಲೇ ನನ್ನ ಬದುಕು ಮುಗಿಯುತ್ತಿತ್ತು. ಒಂದು ಮೇಲ್ ಹಾಕಿ ಕೇಳಲಾ ಅಂದರೆ ಅತ್ತೆ ಕಣ್ಣು ಕೆಕ್ಕರಿಸಿದಳು. "ಹೆಣ್ಣು ತಾನೇ ಫೋನ್ ಮಾಡಿ ಕೇಳ್ತಾಳಾ? ಅದಕ್ಕೆಲ್ಲ ದೊಡ್ಡೋರು ಇರ್ತಾರೆ."

ಈ ಮಾತು ಕೇಳಿದಾಗಲೇ ನನಗೆ ಎಚ್ಚರ ಆಗಬೇಕಿತ್ತು. ಆಗಲಿಲ್ಲ.

ಒಂದು ಸಂಜೆ ಆಫೀಸಿನಿಂದ ಷೇರ್ ಆಟೋದಲ್ಲಿ ಬರುವಾಗ ಪ್ರೊಫೆಸರಮ್ಮನ ಮೇಲ್ ಬಂತು. ನಿಮ್ಮ ಅತ್ತೆಯವರ ಪತ್ರ ತಲುಪಿತು, ನಿಮಗೆ ಇನ್ನೊಂದು ಕಡೆಯಿಂದಲೂ ಆಹ್ವಾನ ಇದೆ ಎಂದು ತಿಳಿಯಿತು. ಅದು ಯಾವ ಸಂಸ್ಥೆ, ಅವರಿಗೆ ಎಂದು ಉತ್ತರ ಕೊಡಬೇಕು ಎಂದು ತಿಳಿಸಿದರೆ ನಮ್ಮ ಸಮಿತಿಗೆ ಅನುಕೂಲ. ಕೆಳಗೆ ಅತ್ತೆಯ ಪತ್ರವೂ ಇತ್ತು, ವಿಮಾ ಕಚೇರಿಯ ಖಡಕ್ ಇಂಗ್ಲಿಷಿನಲ್ಲಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮ ಹುಡುಗಿಯನ್ನು ಇನ್ನೊಂದು ಕಡೆಯವರೂ ಬಹಳವಾಗಿ ಬಯಸುತ್ತಿದ್ದಾರೆ, ಒಳ್ಳೆಯ ಮನೆತನ, ತಮ್ಮ ಅಭಿಪ್ರಾಯ ಬೇಗ ತಿಳಿಸಿದರೆ ನಾವು ಮುಂದುವರಿಯಬಹುದು. ಇಂತಿ ತಮ್ಮ ವಿಧೇಯಳು.

ಇಲ್ಲದ ಗಿರಾಕಿಯ ಮೇಲೆ ಸಂಶೋಧನೆ ಮಾಡುತ್ತೇನೆ ಅಂತ ಪುಟಗಟ್ಟಲೆ ಬರೆದುಕೊಟ್ಟವಳು ನಾನು. ಅದನ್ನು ಓದಿದವರ ಮುಂದೆಯೇ ಇಲ್ಲದ ಗಿರಾಕಿಯನ್ನು ನಿಲ್ಲಿಸಿದ್ದಾಳಲ್ಲ ಈ ಮಹಾರಾಯ್ತಿ! ಹೌದು ಅಂದರೆ ಸುಳ್ಳು, ಇಲ್ಲ ಅಂದರೆ ಮರ್ಯಾದೆ ಹೋಯಿತು. ಎರಡರಲ್ಲೂ ಫೆಲೋಶಿಪ್ ಗೋವಿಂದ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಅವರೆಕಾಳು ಹಿಸುಕುತ್ತಿದ್ದಳು.

"ಏನು ಮಾಡಿದೀರಿ ನೀವು?" ಅಂದೆ.

ಬಹುವಚನ ಕೇಳಿ ಅವಳ ಕೈ ನಿಂತಿತು. "ದೇವರ ಮುಂದೆ ಇಡೋಕೆ ಅವರು ಸಂದರ್ಶನಕ್ಕೆ ಕರೆದ ಮೇಲ್ ಪ್ರಿಂಟ್ ಹಾಕಿ ಕೊಟ್ಟಿದ್ಯಲ್ಲ, ಅದರಲ್ಲೇ ಅಡ್ರೆಸ್ ಇತ್ತು. ನೀನು ಅನ್ನ ಬಿಟ್ಟು ಕೂತಿದ್ದೆ, ನೋಡಕ್ಕಾಗಲಿಲ್ಲ, ಬರೆದೆ."

"ಸುಳ್ಳು ಬರೆದಿದೀರಿ. ಯಾರು ಆ ಇನ್ನೊಂದು ಕಡೆಯೋರು? ಹೆಸರು ಕೇಳ್ತಿದಾರೆ, ಏನಂತ ಹೇಳ್ಲಿ?"

ಅತ್ತೆ ತಲೆ ಎತ್ತಲಿಲ್ಲ. ಒಂದು ಕಾಳು ಹಿಸುಕಿದಳು, ಸಿಪ್ಪೆ ಪಕ್ಕಕ್ಕಿಟ್ಟಳು.

"ಸುಳ್ಳು ಎಲ್ಲಿ ಬಂತು? ನಾನೇ ಕಣೇ ಇನ್ನೊಂದು ಕಡೆಯೋರು. ನನಗೆ ನೀನು ಬೇಡ್ವಾ?"

ನಾನೂ ಪಕ್ಕದಲ್ಲಿ ಕೂತು ಅವರೆಕಾಳು ಹಿಸುಕಿದೆ. ಅವಳು ನನಗಾಗಿ ಫೋಟೋ ತೆಗೆಸಿದ್ದು, ಪರದೆಯ ಪಕ್ಕ ಉಸಿರು ಬಿಗಿಹಿಡಿದು ಕೂತದ್ದು ಎಲ್ಲ ನಿಜ. ಇದೂ ನಿಜ. ಇಷ್ಟು ದಿನ ನಾನೊಬ್ಬಳೇ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅತ್ತೆಯ ಮೇಲೆ ಸಿಟ್ಟೂ ಇತ್ತು, ಅವಳ ಮಡಿಲಲ್ಲಿ ತಲೆ ಇಟ್ಟು ಅಳಬೇಕು ಅಂತಲೂ ಅನ್ನಿಸಿತು. ಅವರೆಕಾಳು ಜಾಸ್ತಿ ಇದ್ದದ್ದು ಒಳ್ಳೆಯದಾಯಿತು.

ಮರುದಿನ ಪ್ರೊಫೆಸರಮ್ಮನಿಗೆ ಇದ್ದದ್ದನ್ನು ಇದ್ದ ಹಾಗೇ ಬರೆದೆ. ಇನ್ನೊಂದು ಕಡೆಯವರು ನನ್ನ ಅತ್ತೆ. ಊಟ, ವಸತಿ, ಎರಡು ಹೊತ್ತು ಫಿಲ್ಟರ್ ಕಾಫಿ ಕೊಡುತ್ತಾರೆ, ಅವಧಿ ಜೀವನಪರ್ಯಂತ, ಸ್ಟೈಪೆಂಡ್ ಇಲ್ಲ. ಉತ್ತರ ಕೊಡಲು ಗಡುವು ಹಾಕಿಲ್ಲ. ಕಳಿಸಿದ ಮೇಲೆ, ಮುಗಿಯಿತು ನನ್ನ ಕಥೆ ಅಂತ ಪೆರುಂಗುಡಿಯ ಕೈಪಿಡಿಗೆ ವಾಪಸಾದೆ.

ಸಮಿತಿ ಕೂತಿತು, ಎದ್ದಿತು, ಫೆಲೋಶಿಪ್ ನನಗೇ ಬಂತು. ಅಧಿಕೃತ ಪತ್ರದ ಜೊತೆ ಪ್ರೊಫೆಸರಮ್ಮ ಒಂದು ಸಾಲು ಬೇರೆ ಬರೆದಿದ್ದಳು: ನಿಮ್ಮ ಅತ್ತೆಯವರ ಷರತ್ತುಗಳಿಗೆ ಸರಿಗಟ್ಟಲು ನಮ್ಮಿಂದ ಆಗದು, ಕಾಫಿಯ ವಿಷಯದಲ್ಲಂತೂ ಖಂಡಿತ ಆಗದು, ಆದರೂ ಯೋಚಿಸಿ.

ಓಡಿಹೋಗಿ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಈಗ್ಲೇ ಒಪ್ಪಿಗೆ ಕಳಿಸಬೇಡ. ಎರಡು ದಿನ ಬಿಟ್ಟು ಕಳಿಸು, ಇಲ್ಲದಿದ್ರೆ ಸದರ ಆಗ್ತೀಯ" ಅಂದಳು. ಕಸುಬಿನ ಮಾತು ಅಂದುಕೊಂಡು ಸುಮ್ಮನಾದೆ. ಮೊದಲ ದಿನ ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನಕ್ಕೆ ಬೂದುಗುಂಬಳದ ಮಜ್ಜಿಗೆಹುಳಿ, ಸಂಜೆ ಕೋಡುಬಳೆ. ಫಲಿತಾಂಶದ ಖುಷಿಗೆ ಅಂದುಕೊಂಡು ತಿಂದೆ. ಎರಡನೇ ದಿನ ಹೋಳಿಗೆ ತಟ್ಟಿದಳು; ನಮ್ಮ ಮನೆಯಲ್ಲಿ ಯುಗಾದಿ ಬಿಟ್ಟರೆ ಹೋಳಿಗೆ ಇಲ್ಲ. ಅಪ್ಪ ಎಲೆಯ ಮುಂದೆ ಕೂತು, "ಇವತ್ತು ಏನು ವಿಶೇಷ ಅಕ್ಕ?" ಅಂದರು. ಆಗ ನನಗೆ ಹೊಳೆಯಿತು. ಬಂದರಿನಲ್ಲಿ ದಿನಾ ನೋಡಿದ್ದು ನಮ್ಮ ಅಡುಗೆಮನೆಯಲ್ಲಿ ನಡೆಯುತ್ತಿದೆ, ಅತ್ತೆ ಬೆಲೆ ಏರಿಸುತ್ತಿದ್ದಾಳೆ.

ಊಟ ಆದ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಮುಂದೆ ನಿಂತಳು.

"ಸಾಕು. ನನ್ನ ಹತ್ರ ಇನ್ನೇನೂ ಇಲ್ಲ ಕಣೇ. ಒಪ್ಪಿಗೆ ಕಳಿಸು."

ಕಳಿಸಿದೆ. ಅತ್ತುಕೊಂಡೇ ಕಳಿಸಿದೆ. ಹೊರಡುವ ದಿನ ಏರ್‌ಪೋರ್ಟಿಗೆ ಎಲ್ಲರೂ ಬಂದರು, ಅತ್ತೆ ಬರಲಿಲ್ಲ. ಮಂಡಿನೋವು ಅಂದಳು.

ಓದು ಮುಗಿಸಿ ವಾಪಸ್ ಬಂದು ಈಗ ಇದೇ ಊರಿನಲ್ಲಿ ಪಾಠ ಮಾಡುತ್ತಿದ್ದೇನೆ. ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅಲ್ಲೇ ಕೆಲಸವೂ ಸಿಕ್ಕಿತ್ತು. ಬಂದದ್ದು ಯಾಕೆ ಅಂತ ಯಾರಿಗೂ ಹೇಳಿಲ್ಲ, ಅತ್ತೆಗೂ ಹೇಳಿಲ್ಲ. ಈ ಬೇಸಗೆಯಲ್ಲಿ ಅಲ್ಲಿಗೇ ಮೂರು ತಿಂಗಳು ಪಾಠಕ್ಕೆ ಕರೆದಿದ್ದಾರೆ. ನೀನೂ ಬಾ ಅಂದೆ. ಮಂಡಿ, ಚಳಿ, ಮಡಿ ಅಂತ ನೂರೆಂಟು ತಕರಾರು ತೆಗೆದವಳು ಕೊನೆಗೆ ಹ್ಞೂ ಅಂದಳು.

ಮೊನ್ನೆ ಸ್ಟುಡಿಯೋದಲ್ಲಿ ಪ್ರಿಂಟ್ ಬರಲಿ ಅಂತ ಬೆಂಚಿನ ಮೇಲೆ ಕಾಯುತ್ತಿದ್ದಾಗ ಅತ್ತೆ ಕೇಳಿದಳು, "ಯಾಕೆ ಹೋಗ್ತಿದೀರಿ ಅಂತ ವೀಸಾದೋರು ಕೇಳಿದ್ರೆ ಏನನ್ಲಿ?"

"ಊರು ನೋಡೋಕೆ ಅನ್ನು."

"ಊರಲ್ಲೇನಿದೆ? ಆ ದೊರೆಸಾನಿ ಇನ್ನೂ ಇದಾಳೆ ತಾನೇ?"

"ಇದಾರೆ. ರಿಟೈರಾಗಿದಾರೆ. ಯಾಕೆ?"

"ಅವಳನ್ನ ಒಂದ್ಸಲ ಎದುರಿಗೆ ನೋಡ್ಬೇಕು ಕಣೇ," ಅಂದಳು ಅತ್ತೆ. "ನಾನು ಸೋತಿದ್ದು ಯಾರ ಹತ್ರ ಅಂತ ಗೊತ್ತಾಗ್ಬೇಡ್ವಾ?"